ಎರಡನೇ ಸಲ ಕಳಿಸಿದ ಪುಡಿ

ಸಂಖ,
14 ಜುಲೈ 2003

ಒಂದೇ ಬೆಂಚಿನ ಗೆಳತಿ ವಿಜಯಶ್ರೀಗೆ ಸಾಜಿಯಾಳ ಸಲಾಂ.

ಸಾಂಗ್ಲಿಯಿಂದ ನಿನ್ನ ಪತ್ರ ಬಂದ ಮೇಲೆ ಎರಡು ದಿನ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಮೊದಲೇ ಮಾತು ಕಡಿಮೆಯವಳು, ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ಯಾಕೂಬ ಅಜ್ಜ ಮೊದಲ ಸಲ ಕೊಟ್ಟ ಎಲೆಯ ಪುಡಿಯಿಂದ ನಿನ್ನ ಪ್ರಯೋಗದ ಇಲಿಗಳ ಬಾಲದಲ್ಲಿ ರಕ್ತ ಹೆಪ್ಪುಗಟ್ಟುವುದು ಅರ್ಧಕ್ಕಿಳಿಯಿತು. ಎರಡನೇ ಸಲದ ಪುಡಿಯಿಂದ ಏನೂ ಗುಣವಾಗಲಿಲ್ಲ, ರಕ್ತ ಹೆಪ್ಪುಗಟ್ಟಿ ಬಾಲಗಳೆಲ್ಲ ಕಪ್ಪಾದವು. ಮೊದಲಿನ ಅಂಕಿಗಳನ್ನು ನೀನೇ ಕೂತು ಹುಟ್ಟಿಸಿದ್ದೀ ಎಂದು ನಿಮ್ಮ ಸರ್ ಪ್ರಬಂಧಕ್ಕೆ ಸಹಿ ಹಾಕದೆ ಕೂತಿದ್ದಾರೆ.

ಅವರಿಗೆ ಈ ಪತ್ರ ತೋರಿಸು. ನಿನ್ನ ಅಂಕಿ ಸುಳ್ಳಲ್ಲ. ಎರಡನೇ ಸಲ ಎಲೆ ಕಿತ್ತವಳು ನಾನು. ಆ ಗಿಡವಿರುವ ಬದುವಿನ ಮೇಲೆ ಅದರಂತೆಯೇ ಕಾಣುವ ಇನ್ನೊಂದು ಗಿಡವಿದೆ, ಗುರುತು ತಪ್ಪಿದೆ. ಮನೆಯವರ ಹೊರತು ಯಾರಿಗೂ ಗಿಡ ತೋರಿಸದೆ ಅಜ್ಜ ಪುಡಿ ಮಾಡಿಯೇ ಕೊಡುವುದರಿಂದ ನಿಮಗೆ ತಿಳಿಯುವಂತಿರಲಿಲ್ಲ. ಈ ಸಲ ಅವರನ್ನು ಒಪ್ಪಿಸಿ, ಸರಿಯಾದ ಪುಡಿಯ ಜೊತೆ ಒಂದು ಟೊಂಗೆಯನ್ನೂ ಕಳಿಸಿದ್ದೇನೆ. ನಿಮ್ಮ ಸರ್ ಇನ್ನೊಮ್ಮೆ ಪ್ರಯೋಗ ಮಾಡಿಸಿ ನೋಡಲಿ.

ಮೂರನೇ ಇಯತ್ತೆಯಲ್ಲಿ ನೀನು ಸಾಲಿಯ ಗೋಡೆ ಹಾರಿ ಬಿದ್ದದ್ದು ನೆನಪಾಗುತ್ತಿದೆ. ಮೊಣಕಾಲು ಬದನೆಕಾಯಿಯ ಹಾಗೆ ಕಪ್ಪಾಗಿ ಊದಿತ್ತು. ಅಜ್ಜ ಎಲೆ ಅರೆದು ಕಟ್ಟಲು ಬಂದರೆ, ಕುರಿಗೆ ಕಟ್ಟೂ ಔಷಧ ನನಗ್ಯಾಕ್ರಿ ಎಂದು ನೀನು ಜಗಳ ತೆಗೆದೆ. ಕುರಿ ನಿನಗಿಂತ ಚಲೋ ಅದಾವವ್ವಾ, ಇಷ್ಟು ಒದರೂದಿಲ್ಲ ಎಂದರು ಅಜ್ಜ. ನಾನು ನಿನ್ನ ಪಾಟಿಚೀಲ ಹಿಡಿದು ನಿಂತಿದ್ದೆ. ನಾಲ್ಕನೇ ದಿನ ನೀನು ಮತ್ತೆ ಅದೇ ಗೋಡೆ ಹಾರಿದೆ. ಆಗ ನಮಗೆ ಆ ಎಲೆಯ ಬಗ್ಗೆ ಯಾರಿಗೂ ಏನನ್ನೂ ಸಾಬೀತು ಮಾಡಬೇಕಿರಲಿಲ್ಲ.

ನಿನ್ನ ಬೈಗುಳಕ್ಕೆ ಕಾದಿರುವ,
ಸಾಜಿಯಾ

ತಾ.ಕ.: ಇದು ಬೇರೆ ಹಾಳೆ, ನಿಮ್ಮ ಸರ್‌ಗೆ ತೋರಿಸಬೇಡ.

ಎಲೆ ಕಿತ್ತವರು ಅಜ್ಜನೇ. ಅವರ ಕಣ್ಣು ಮಂಜಾಗಿದೆ. ಊರಿಗೆ ಗೊತ್ತಾದರೆ ಅವರ ಹತ್ತಿರ ಔಷಧಕ್ಕೆ ಯಾರೂ ಬರುವುದಿಲ್ಲ. ಆವತ್ತು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅವರು ತಪ್ಪು ಗಿಡಕ್ಕೆ ಕೈ ಹಾಕಿದ್ದನ್ನು ನಾನು ನೋಡಿದೆ. ಆದರೆ ಔಷಧದ ಎಲೆ ಕೀಳುವಾಗ ತುಟಿ ಬಿಚ್ಚಿದರೆ ಗುಣ ಹೋಗುತ್ತದೆ ಎಂಬುದು ನಮ್ಮ ಮನೆಯ ನೇಮ, ಸುಮ್ಮನಿದ್ದೆ. ಮನೆಗೆ ಬಂದ ಮೇಲಾದರೂ ಹೇಳಬಹುದಿತ್ತು. ಅವರ ಮುಖ ನೋಡಿ ಬಾಯಿ ಬರಲಿಲ್ಲ.

ನಿನ್ನ ಪತ್ರ ಓದಿ, ಮೊನ್ನೆ ಎಲ್ಲ ಹೇಳಿಬಿಟ್ಟೆ. ಅಜ್ಜ ಗಡ್ಡ ಸವರಿಕೊಂಡರು. ಕಣ್ಣು ಹೋದದ್ದು ನನಗ ಗೊತ್ತಿಲ್ಲೇನು, ನೀ ನೋಡ್ತಿ ಅಂತನ ನಿನ್ನ ಕರಕೊಂಡು ಹೋಗಿದ್ದೆ ಎಂದರು. ಆಮೇಲೆ ಕೇಳಿದರು: ಮಾತಾಡಬಾರದು ಅನ್ನೂದು ಖರೆ, ನನ್ನ ಕೈ ಹಿಡೀಬಾರದು ಅಂತ ನಿನಗ ಯಾರು ಹೇಳಿದ್ರವ್ವಾ?