ಆಂಟಿವೈರಸ್ ಆಫ್ ಮಾಡಿ ಎಂದವರಿಗೆ

ಪಿಂಚಣಿ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ಗಂಡನ ದನಿ ನಿಮ್ಮ ಇಲಾಖೆಯಿಂದಾಗಿ ಹೋಯಿತು. ಖಾಸಗಿಯಾಗಿ ಬರೆದು ನೋಡಿದೆ. ‘ಇದು ಸ್ವಯಂಚಾಲಿತ ಉತ್ತರ, ಇದಕ್ಕೆ ಮರುತ್ತರ ಕಳಿಸಬೇಡಿ’ ಎಂಬ ಒಂದು ಸಾಲು ಬಂತು. ಹಾಗಾಗಿ ಊರೆಲ್ಲ ಓದಲಿ ಎಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ಪತ್ರಿಕೆಯಾದರೂ ತಮ್ಮ ಮೇಜಿನ ಮೇಲೆ ಬರುತ್ತದಲ್ಲ?

ನಮ್ಮ ಯಜಮಾನರು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಹೇಳುತ್ತಿದ್ದವರು. ನಿವೃತ್ತರಾದ ಮೇಲೆ ಗಂಟಲಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ವೈದ್ಯರು. ನಾನು ಅತ್ತೆ. ಇವರು ಅಳಲಿಲ್ಲ, ಮನೆಯ ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿಕೊಂಡು ಕೂತರು. ಆಪರೇಷನ್ನಿಗೆ ಹೋಗುವವರೆಗೂ ದಿನವೂ ತಮ್ಮ ಮಾತನ್ನು ತುಂಬಿಸಿಟ್ಟರು, ಒಂದೊಂದು ಕೀಲಿ ಒತ್ತಿದರೆ ಒಂದೊಂದು ಮಾತು ಬರುವ ಹಾಗೆ. “ಕನ್ನಡಕ ಎಲ್ಲಿಟ್ಟೆ ನೀನು?” “ಸಾಕು, ಬಡಿಸ್ಬೇಡ.” “ನಿಮ್ಮಣ್ಣ ಬಂದ, ಇನ್ನು ನಾವೆಲ್ಲ ಬಾಯ್ಮುಚ್ಕೊಂಡು ಕೇಳೋದೇ.” ಒಂದಂತೂ ಥೇಟ್ ನಿಲ್ದಾಣದ ದನಿಯಲ್ಲಿ: “ಪ್ರಯಾಣಿಕರ ಗಮನಕ್ಕೆ, ಅಡುಗೆಮನೆಯಿಂದ ಬರಬೇಕಾದ ಚಹಾ ತಡವಾಗಿ ಬರಲಿದೆ.” ಆಪರೇಷನ್ ಆದಮೇಲೂ ನಮ್ಮ ಮನೆಯಲ್ಲಿ ಮಾತು ನಿಲ್ಲಲಿಲ್ಲ. ಜಗಳವೂ ನಿಲ್ಲಲಿಲ್ಲ, ಅದಕ್ಕೂ ಕೆಲವು ಕೀಲಿ ಇಟ್ಟಿದ್ದರು.

ಇನ್ನು ನಿಮ್ಮ ಪಾಲಿನ ಕಥೆ. ಪಿಂಚಣಿದಾರರು ಬದುಕಿದ್ದಾರೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ನಿಮಗೆ ಅನುಮಾನ ಬರುತ್ತದೆ. ಮೊದಲಾದರೆ ಕೌಂಟರಿಗೆ ಹೋಗಿ ಮುಖ ತೋರಿಸಿ ಬಂದರೆ ಮುಗಿಯುತ್ತಿತ್ತು. ಜನರ ಅನುಕೂಲಕ್ಕಾಗಿ ಆ ಕೌಂಟರನ್ನು ಮುಚ್ಚಿದಿರಿ. ಇಲಾಖೆಯ ತಂತ್ರಾಂಶವನ್ನು ಮನೆಯಲ್ಲೇ ಇಳಿಸಿಕೊಂಡು ಕ್ಯಾಮೆರಾಕ್ಕೆ ಮುಖ ತೋರಿಸಿ ಎಂದಿರಿ. ಇಳಿಸಲು ಹೋದರೆ ನಮ್ಮ ಆಂಟಿವೈರಸ್ ಕೆಂಪಗಾಗಿ, ಇದು ಅಪಾಯಕಾರಿ ಎಂದು ತಡೆಯಿತು. ಪಾಪ, ಅದಕ್ಕೆ ಸರ್ಕಾರಿ ಭಯಭಕ್ತಿ ಎಲ್ಲಿಂದ ಬರಬೇಕು? ಆದರೆ ನಿಮ್ಮ ಸೂಚನಾಪತ್ರದಲ್ಲಿ ಅದಕ್ಕೂ ಮದ್ದಿತ್ತು: ‘ಆಂಟಿವೈರಸ್ ಅಡ್ಡಿಪಡಿಸಿದಲ್ಲಿ ಅದನ್ನು ನಿಷ್ಕ್ರಿಯಗೊಳಿಸತಕ್ಕದ್ದು.’ ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿ ಬಾಳಿದವಳು, ಸೂಚನೆಯನ್ನು ಅಕ್ಷರ ಬಿಡದೆ ಓದುವವಳು. ನಿಷ್ಕ್ರಿಯಗೊಳಿಸಿದೆ. ಮತ್ತೆ ಸಕ್ರಿಯಗೊಳಿಸತಕ್ಕದ್ದು ಎಂಬ ಸಾಲು ಮಾತ್ರ ಇಡೀ ಸೂಚನಾಪತ್ರದಲ್ಲಿ ಇವತ್ತಿಗೂ ಇಲ್ಲ, ಬೇಕಾದರೆ ತಾವೇ ಹುಡುಕಿ ನೋಡಿ.

ಗಂಡ ಬದುಕಿದ್ದಾರೆಂದು ಸಾಬೀತಾಯಿತು. ಆ ವಾರ ಕಳೆಯುವುದರೊಳಗೆ ಕಂಪ್ಯೂಟರಿನ ಒಂದು ಕಡತವೂ ತೆರೆಯದಾಯಿತು. ಎಲ್ಲಕ್ಕೂ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಬಿಡಿಸುತ್ತೇವೆ ಎಂದು ಪರದೆಯ ತುಂಬ ಬೆದರಿಕೆ. ಇವರು ಕೀಲಿ ಒತ್ತಿದರು. ಇನ್ನೊಂದು ಒತ್ತಿದರು. ಆಮೇಲೆ ಎಲ್ಲ ಕೀಲಿಗಳನ್ನೂ ಒತ್ತುತ್ತ ಹೋದರು, ನಾನೇ ಕೈ ಹಿಡಿದು ನಿಲ್ಲಿಸಬೇಕಾಯಿತು.

ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕಿತ್ತು ಎನ್ನುತ್ತೀರಿ. ಇಟ್ಟಿದ್ದರು ಸ್ವಾಮಿ! ಬೇರೆ ಡಿಸ್ಕಿನಲ್ಲೇ ಇಟ್ಟಿದ್ದರು. ಆದರೆ ನಿಲ್ದಾಣದಲ್ಲಿ ಒಂದು ಮೈಕ್ ಕೈಕೊಟ್ಟರೆ ಎಂದು ಇನ್ನೊಂದನ್ನು ಸದಾ ತಂತಿ ಸಿಕ್ಕಿಸಿಯೇ ಇಡುವುದು ರೂಢಿ. ಆಪತ್ತಿಗೆ ಆಗುವ ವಸ್ತು ಯಾವಾಗಲೂ ಚಾಲೂ ಇರಬೇಕು ಎಂಬುದು ಅವರು ಜೀವಮಾನವಿಡೀ ಪಾಲಿಸಿದ ಶಿಸ್ತು. ಡಿಸ್ಕನ್ನೂ ಹಾಗೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿದ್ದರು. ವೈರಸ್ ಅದನ್ನೂ ಬಿಡಲಿಲ್ಲ. ಪ್ರತಿ ತೆಗೆದ ಮೇಲೆ ಡಿಸ್ಕ್ ಬಿಚ್ಚಿಡಿ ಎಂದು ನಮ್ಮಂಥವರಿಗೆ ಒಂದು ಮಾತು ಹೇಳುವವರು ಯಾರಿದ್ದರು?

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. “ಖಾತೆದಾರರಿಗೆ ಫೋನ್ ಕೊಡಿ ಮೇಡಂ” ಎಂದಳು ಒಬ್ಬಳು.

“ಅವರಿಗೆ ಮಾತಾಡೋಕೆ ಆಗಲ್ಲಮ್ಮ, ಅದಕ್ಕೇ ನಾನು ಮಾಡಿದ್ದು.”

“ಖುದ್ದು ಅವರೇ ಮಾತಾಡಿದ್ರೆ ಮಾತ್ರ ದೂರು ತಗೊಳ್ಳೋದು, ನಿಯಮ ಹಾಗಿದೆ.”

“ಅಯ್ಯೋ ತಾಯಿ, ಧ್ವನಿಪೆಟ್ಟಿಗೇನೇ ತೆಗೆದುಬಿಟ್ಟಿದ್ದಾರೆ!”

“ಸರಿ ಮೇಡಂ, ಅವರಿಗೆ ಹುಷಾರಾದ ಮೇಲೆ ಮಾಡಿ.”

ರಿಪೇರಿ ಅಂಗಡಿಯವನಿಗೆ ತೋರಿಸಿದರೆ, “ಎಲ್ಲ ಅಳಿಸಿಬಿಡ್ಲಾ ಅಮ್ಮ? ಹೊಸದರ ಥರ ಓಡುತ್ತೆ” ಎಂದ. ಕಂಪ್ಯೂಟರನ್ನು ಎದೆಗವಚಿಕೊಂಡು ಓಡಿಬಂದೆ. ಕಳೆದ ಕಡತ ಮರಳಿಸುವ ದೊಡ್ಡ ಕಂಪನಿಗಳಿವೆಯಂತೆ. ಡಿಸ್ಕ್ ಮುಟ್ಟಿ ನೋಡುವುದಕ್ಕೇ ಅವರು ಕೇಳುವ ಶುಲ್ಕ ನೀವು ಕೊಡುವ ಪಿಂಚಣಿಯಲ್ಲಿ ನೀಗುವಂಥದ್ದಲ್ಲ. ಕೊನೆಗೆ ನಿಮ್ಮ ಕಚೇರಿಗೇ ಬಂದೆ. “ನಮ್ಮ ತಂತ್ರಾಂಶದಲ್ಲಿ ವೈರಸ್ ಇಲ್ಲ, ಅದು ಬೇರೆ ಎಲ್ಲಿಂದಲೋ ಬಂದಿದ್ದು” ಎಂದರು ನಿಮ್ಮ ಗುಮಾಸ್ತರು. ಇರಬಹುದು. ಬಾಗಿಲು ತೆಗೆದಿಡಿ ಎಂದವರು ನೀವು, ಕಳ್ಳ ನಮ್ಮವನಲ್ಲ ಎನ್ನುವವರೂ ನೀವು. ಅವರ ತಲೆಯ ಮೇಲೆ ನಿಮ್ಮದೇ ಇಲಾಖೆಯ ಬಣ್ಣದ ಭಿತ್ತಿಪತ್ರ: ‘ನಿಮ್ಮ ಆಂಟಿವೈರಸ್ಸನ್ನು ಎಂದಿಗೂ ನಿಷ್ಕ್ರಿಯಗೊಳಿಸಬೇಡಿ.’ ಅದರ ಕೆಳಗೆ ತಮ್ಮ ನಗುಮುಖ. ನನಗೆ ಮೈಯೆಲ್ಲ ಉರಿದುಹೋಯಿತು.

ಬೇರೆ ಉಪಾಯವನ್ನೂ ನೋಡಿದೆವು. ಪಕ್ಕದ ಮನೆಯಾಕೆ ತಮ್ಮ ಹಳೆಯ ಕಂಪ್ಯೂಟರ್ ಕೊಟ್ಟರು. ಬೆರಳಚ್ಚು ಮಾಡಿದ್ದನ್ನು ಅದೇ ಓದಿ ಹೇಳುತ್ತದೆ. ಮೊನ್ನೆ ನಾನು ಬಟ್ಟೆ ಮಡಚುತ್ತಿದ್ದಾಗ ಹಿಂದಿನಿಂದ ಯಾರೋ ಗಂಡಸು ನನ್ನ ಹೆಸರು ಹಿಡಿದು ಕರೆದ. ಯಾರದು ಎಂದು ಕಿರುಚಿಬಿಟ್ಟೆ. ತಿರುಗಿದರೆ ಇವರು. ನನ್ನ ಮುಖದಲ್ಲಿದ್ದ ಹೆದರಿಕೆ ನೋಡಿದರು, ಯಂತ್ರ ಆರಿಸಿ ಬಟ್ಟೆ ಹೊದಿಸಿದರು. ಅಂದಿನಿಂದ ಅದರ ಹತ್ತಿರ ಹೋಗಿಲ್ಲ. ಏನಾದರೂ ಬೇಕಾದರೆ ಚಪ್ಪಾಳೆ ತಟ್ಟುತ್ತಾರೆ.

ನಾನು ಪರಿಹಾರಧನ ಕೇಳುತ್ತಿಲ್ಲ. ಆ ಸೂಚನೆಯನ್ನು ಇವತ್ತೇ ತೆಗೆಸಿ, ತಂತ್ರಾಂಶವನ್ನು ಸರಿಪಡಿಸಿ. ಮುಚ್ಚಿದ ಕೌಂಟರಿನಲ್ಲಿ ಕಂಪ್ಯೂಟರ್ ಬಲ್ಲ ಒಬ್ಬರನ್ನಾದರೂ ಕೂರಿಸಿ, ಮನೆಯ ಯಂತ್ರ ಹೊತ್ತು ತಂದವರಿಗೆ ಕೈಗೆಟುಕುವ ಶುಲ್ಕದಲ್ಲಿ ನೋಡಿಕೊಡಲಿ. ಮತ್ತೆ ನಮ್ಮ ಡಿಸ್ಕನ್ನು ನಿಮ್ಮ ತಜ್ಞರ ಕೈಗೆ ಕೊಡಿಸಿ. ಎಲ್ಲ ಬರದಿದ್ದರೆ ಬೇಡ. ಅದರಲ್ಲಿ ಇವರು ನನ್ನನ್ನು ಹೆಸರು ಹಿಡಿದು ಕರೆದದ್ದಿದೆ, ಅದೊಂದನ್ನು ತೆಗೆದುಕೊಟ್ಟರೆ ಸಾಕು.

ಇಂತಿ,
ನಿಮ್ಮ ಸೂಚನೆಯನ್ನು ಅಕ್ಷರಶಃ ಪಾಲಿಸಿದ,
ತಮ್ಮ ದಾಖಲೆಯ ಪ್ರಕಾರ ಬದುಕಿರುವ ಪಿಂಚಣಿದಾರರೊಬ್ಬರ ಹೆಂಡತಿ