ಅರ್ಧ ಮಂಚದ ಗೃಹಪ್ರವೇಶ

ಮನಿಲಾ, ಜೂನ್ 9

ಅಜ್ಜಿ, ಆಶೀರ್ವಾದಕ್ಕೆ ನಿನ್ನ ಕೈಯನ್ನು ಹಣೆಗೊತ್ತಿಕೊಂಡೆ ಎಂದುಕೋ. ಕಾಲೇಜು ಮುಗಿಸಿದವಳಿಗೆ ಇಲ್ಲಿ ಕೆಲಸವೇನೋ ಸಿಕ್ಕಿತು, ಆ ಸಂಬಳಕ್ಕೆ ಮನೆ ಸಿಗಲಿಲ್ಲ. ಸಿಕ್ಕಿದ್ದು ಎಂಟು ಜನರ ಕೋಣೆಯಲ್ಲಿ ಒಂದು ಮಂಚ, ಅದೂ ರಾತ್ರಿಗೆ ಮಾತ್ರ. ಹಗಲು ಅದರಲ್ಲಿ ರಾತ್ರಿಪಾಳಿಯ ನರ್ಸ್ ಡೆಲ್ಫಿನಾ ಮಲಗುತ್ತಾಳೆ.

“ಹೊಸ ಮನೆಗೆ ಮೊದಲು ಅಕ್ಕಿ, ಉಪ್ಪು ಹೋಗಬೇಕು, ಆಮೇಲೆ ನೀನು” ಎಂದಿದ್ದೆಯಲ್ಲ? ಬೇರೆ ಜಾಗವಿಲ್ಲದೆ ನೀನು ಕೊಟ್ಟ ಅಕ್ಕಿ-ಉಪ್ಪಿನ ಗಂಟನ್ನು ದಿಂಬಿನ ಕೆಳಗಿಟ್ಟೆ. ಬೆಳಿಗ್ಗೆ ನಾನು ಹೊರಡುವಾಗ ಬಂದ ಡೆಲ್ಫಿನಾ ದಿಂಬೆತ್ತಿ, “ಯಾರೇ ಅದು, ನನ್ನ ಮನೇಲಿ ಗೃಹಪ್ರವೇಶ ಮಾಡಿರೋದು?” ಎಂದಳು. ಈ ಮಂಚವೂ ಕೈತಪ್ಪಿದರೆ ಊರಿನ ಹಡಗು ಹತ್ತುವುದೇ ಗತಿ.

“ನಮ್ಮಜ್ಜಿ ಹೇಳಿದ್ರು ಅಕ್ಕ, ತೆಗೆದುಬಿಡ್ತೀನಿ.”

“ಸುಮ್ನಿರೇ, ಒಳಗೆ ಬಂದಿರೋ ಅಕ್ಕಿನ ಯಾರಾದ್ರೂ ಆಚೆ ಹಾಕ್ತಾರಾ?” ಎನ್ನುತ್ತಾ ಅವಳು ಹಾಸಿಗೆಯ ಕಾಲ್ದೆಸೆಯ ತುದಿ ಎತ್ತಿದಳು. ಅಲ್ಲೂ ಒಂದು ಗಂಟು! ಮೂರು ವರ್ಷದ ಹಿಂದೆ ಸಮಾರ್ ದ್ವೀಪದಿಂದ ಹೊರಟಾಗ ಅವಳಮ್ಮ ಕಟ್ಟಿಕೊಟ್ಟದ್ದಂತೆ.

ಕೆಮ್ಮು ಪೂರ್ತಿ ಹೋಗಿದೆ, ಔಷಧಿ ಕಳಿಸಬೇಡ. ಬರುವ ಭಾನುವಾರ ನಮ್ಮಿಬ್ಬರಿಗೂ ರಜೆ; ಅವತ್ತು ಮನೆಯಲ್ಲಿ ಯಾರಿರಬೇಕೋ ಇನ್ನೂ ತೀರ್ಮಾನವಾಗಿಲ್ಲ.

ನಿನ್ನ ರೊವೆನಾ