ಮೇಲಿನ ಆರು ಹಲ್ಲು

ರಾಯದುರ್ಗ,
12-11-2024, ಮಂಗಳವಾರ

ಪ್ರೀತಿಯ ಮಗಳು ತ್ರಿವೇಣಿಗೆ,

ಹೇಗಿದ್ದೀಯವ್ವ? ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಕಾಲು ಊದುತ್ತದೆ ಅಂದಿದ್ದೆ, ಇಳಿಯಿತೇ? ಬಿಸಿನೀರಿಗೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಕಾಲಿಟ್ಟು ಕೂಡು. ಫೋನಿನಲ್ಲಿ ಮಾತಾಡುವಾಗ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಈ ಕಾಗದ.

ನಿನ್ನ ತಂಗಿ ರೇಖಾಳನ್ನು ಮಡಕಶಿರಾದವರು ಒಪ್ಪಿದ ಸುದ್ದಿ ನಿನಗೆ ಗೊತ್ತು. ಒಪ್ಪಿದ ರೀತಿ ಗೊತ್ತಿಲ್ಲ. ಹುಡುಗನ ತಾಯಿ ಕೊಟ್ರಮ್ಮ ಚಹಾ ಕುಡಿದು ಲೋಟ ಇಟ್ಟವಳೇ ರೇಖಾಳ ಗದ್ದ ಹಿಡಿದೆತ್ತಿ, "ಬಾಯಿ ತೆಗಿಯಮ್ಮ" ಅಂದಳು. ಹೆಬ್ಬೆರಳಿನಿಂದ ತುಟಿ ಸರಿಸಿ ನೋಡಿದಳು. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಏರಿವೆ, ಸಾಲದ್ದಕ್ಕೆ ಕಂದು ಕಲೆ. ಹತ್ತು ವರ್ಷದವರೆಗೆ ಗುಡಿಬಂಡೆಯಲ್ಲಿ ನಮ್ಮವ್ವನ ಮನೆಯ ಬೋರಿನ ನೀರು ಕುಡಿದು ಬೆಳೆದ ಕೂಸಲ್ಲವೇ. "ಮದ್ವೆ ಒಳಗೆ ಬೆಳ್ಳಗಾಗ್ಬೇಕು, ನೆಟ್ಟಗಾಗ್ಬೇಕು" ಅಂದಳು.

ಮರುದಿನವೇ ಬಸ್ ನಿಲ್ದಾಣದ ಹತ್ತಿರದ ಹಲ್ಲಿನ ಡಾಕ್ಟ್ರಮ್ಮನ ಕಡೆ ಹೋದೆವು. ಅವರು ಸಮಾಧಾನವಾಗಿ ತಿಳಿಸಿ ಹೇಳಿದರು. ಕಲೆ ನೀರಿನದು, ಹಲ್ಲಿನ ಒಳಗೇ ಕೂತಿದೆ. ಬಿಳುಪು ಮಾಡುವ ಔಷಧಿಗೆ ಒಂದಿಷ್ಟು ತಿಳಿಯಾದೀತು, ಪೂರ್ತಿ ಹೋಗುವುದಿಲ್ಲ. ನೆಟ್ಟಗಾಗಲು ತಂತಿ ಹಾಕಿ ತಿಂಗಳು ತಿಂಗಳು ಬಿಗಿ ಮಾಡಬೇಕು, ಒಂದೂವರೆ ವರ್ಷವಾದರೂ ಬೇಕು. "ಇಪ್ಪತ್ತು ದಿನದಾಗ ಮಾಡ್ತೀವಿ ಅನ್ನೋರು ಹಲ್ಲು ತೇದು ಸಣ್ಣ ಮಾಡಿ ಕ್ಯಾಪ್ ಹಾಕ್ತಾರ. ಗಟ್ಟಿ ಹಲ್ಲು ಅದಾವವ್ವ. ತೇದದ್ದು ಮತ್ತ ಬೆಳಿಯಂಗಿಲ್ಲ, ಬ್ಯಾಡ" ಅಂದರು. ರೇಖಾ ನಕ್ಕು, ತಂತಿಯೇ ಇರಲಿ ಅಂದಳು.

ಕೊಟ್ರಮ್ಮನಿಗೆ ಇದನ್ನೇ ತಿಳಿಸಿದೆ. "ಆಯ್ತು ಬಿಡಿ" ಅಂದಳು, ಅಷ್ಟೇ. ಮೊನ್ನೆ ಭಾನುವಾರ ಬೆಳಿಗ್ಗೆ, ಸೀರೆ ಆರಿಸಲಿಕ್ಕೆ ಅಂತ ಹುಡುಗ ಸಿದ್ದರಾಮೇಶನೇ ಕಾರು ತಂದ. ನಾನೂ ಹೊರಟೆ, ಜಾಗವಿಲ್ಲ ಅಂದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಒಬ್ಬಳೇ ಇದ್ದಳು. ಆದರೂ ನಿಮ್ಮಪ್ಪ ಕಳಿಸಿದರು.

ಸಂಜೆ ಬಂದ ರೇಖಾ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಸೀರೆ ಒಂದೂ ಇರಲಿಲ್ಲ. ಯಾವುದೋ ಬೇರೆ ಹಲ್ಲಿನ ಡಾಕ್ಟರ ಕಡೆ ಕರೆದೊಯ್ದು, ಮೇಲಿನ ಆರು ಹಲ್ಲು ತೇಯಿಸಿ, ಸದ್ಯಕ್ಕೆ ಅಂತ ಕ್ಯಾಪ್ ಹಾಕಿಸಿದ್ದಾರೆ. ಸುಣ್ಣದಂಥ ಬಿಳಿ. ತಣ್ಣೀರು ಸೋಕಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ಒಪ್ಪಿಗೆಯ ಕಾಗದಕ್ಕೆ ಸಿದ್ದರಾಮೇಶನೇ ರುಜು ಹಾಕಿದನಂತೆ. "ಅಮ್ಮಾ, ನಿಲ್ಲಸ್ರಿ ಅಂತ ಕೈ ಎತ್ತಿದೆ. ಆತ ನನ್ನ ಕೈ ಹಿಡಕೊಂಡು, ನೀವು ನಡಸ್ರಿ ಅಂತ ಡಾಕ್ಟ್ರಿಗೆ ಹೇಳಿದ" ಅಂದಳು.

ನಿಮ್ಮಪ್ಪ ಕನ್ನಡಿ ತಂದು ಹಿಡಿದು, "ಎಷ್ಟು ಚಂದ ಕಾಣ್ತಿ ನೋಡು" ಅಂದರು. ಅವಳು ಕನ್ನಡಿ ನೋಡಲಿಲ್ಲ, ನನ್ನ ಮುಖ ನೋಡಿದಳು. ನಿನ್ನೆ ಕೊಟ್ರಮ್ಮ ಫೋನ್ ಮಾಡಿದ್ದಳು. "ಬರೋ ಸೋಮವಾರ ಕಾರು ಕಳಿಸ್ತೀವಿ, ಕೆಳಗಿನವೂ ಮುಗಿಸಿಬಿಡಾಣ. ಬಾಕಿ ಏನಿದ್ರೂ ಮದ್ವೆ ಆದ್ಮೇಲೆ ನಾವೇ ಸರಿ ಮಾಡ್ಕಂತೀವಿ." ಬಾಕಿ ಏನು ಉಳಿದಿದೆಯವ್ವ? ಮದುವೆ ಇಪ್ಪತ್ತೆಂಟಕ್ಕೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ರೂಮಿನವರಿಗೆಲ್ಲ ಕೇಳಿದೆ ಅಂತ ಹೇಳು. ಶಿವ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಮ್ಮ,
ಅನ್ನದಾನಮ್ಮ

ತಾ.ಕ.: ನಿಮ್ಮಪ್ಪ ಸ್ನಾನಕ್ಕೆ ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಪಕ್ಕದ ಮನೆಯ ನರಸಕ್ಕ ನಾಳೆ ಹೊಸಪೇಟೆಗೆ ಬರುತ್ತಾಳೆ, ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಶನಿವಾರ ಬೆಳಿಗ್ಗೆ ಏಳರ ಬಳ್ಳಾರಿ ಬಸ್ಸಿಗೆ ರೇಖಾಳನ್ನು ಹತ್ತಿಸುತ್ತೇನೆ. ಮಡಕಶಿರಾದವರು ಕೊಡಿಸಿದ ಫೋನು ಇಲ್ಲೇ ಬಿಟ್ಟು ಬರುತ್ತಾಳೆ. ಬಳ್ಳಾರಿ ನಿಲ್ದಾಣದಲ್ಲಿ ಕಾದಿರು. ಅವಳಿಗೆ ಇಪ್ಪತ್ತೊಂದು ತುಂಬಿದೆ, ಆಧಾರ್ ಕಾರ್ಡು ಚೀಲದಲ್ಲಿ ಇಟ್ಟಿದ್ದೇನೆ. ಬಸ್ಸಿನಿಂದ ಇಳಿಯದಿದ್ದರೆ ಮನೆಗೆ ಫೋನ್ ಮಾಡಬೇಡ, ಮೊದಲು ಪೊಲೀಸ್ ಸ್ಟೇಷನ್ನಿಗೆ ಹೋಗು. ಈ ಕಾಗದ ಹರಿಯಬೇಡ, ಅಲ್ಲಿ ತೋರಿಸಬೇಕಾದೀತು.